ಒಂದು ಜನಿವಾರ, ಎರಡು ಕಥೆ

2022ರಲ್ಲಿ ಬಸವಣ್ಣನವರ ಉಪನಯನದ ಬಗ್ಗೆ ಶಾಲಾ ಪಠ್ಯದಲ್ಲಿದ್ದ ಮಾತು ದೊಡ್ಡ ವಿವಾದವಾಯಿತು. ಬಾಗೇವಾಡಿಯ ಆ ಹುಡುಗ ಜನಿವಾರ ಹಾಕಿಸಿಕೊಂಡನೋ ಇಲ್ಲವೋ? ಹಳೆಯ ಕವಿಗಳಲ್ಲೇ ಒಮ್ಮತವಿಲ್ಲ.

1369ರಲ್ಲಿ ಭೀಮಕವಿ ಬರೆದ ಬಸವಪುರಾಣ ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯ ಜಾಡು ಹಿಡಿಯುತ್ತದೆ. ಅಲ್ಲಿ ಬಾಲಕ ಉಪನಯನವನ್ನೇ ಒಲ್ಲೆನೆನ್ನುತ್ತಾನೆ. ಹುಟ್ಟಾ ಶಿವಭಕ್ತನಿಗೆ ಇನ್ನೊಂದು ಸಂಸ್ಕಾರವೇಕೆ ಎಂಬ ವಾದ. ವಾದಕ್ಕೆ ಎದುರಾಳಿ ಬೇಕಲ್ಲ, ತಂದೆ ಬದುಕಿರಲೇಬೇಕು.

ಅವನಿಗಿಂತ ಹಿಂದಿನ ಹರಿಹರನ ರಗಳೆಯಲ್ಲಿ ತಂದೆತಾಯಿ ಆಗಲೇ ತೀರಿಕೊಂಡಿದ್ದಾರೆ. ಅಪ್ಪನೊಡನೆ ಜಗಳವಿಲ್ಲ. ಬಸವ ಮೈಮೇಲಿದ್ದ ಜನಿವಾರವನ್ನು ತಾನೇ ಕಿತ್ತೆಸೆದು ಸಂಗಮದ ದಾರಿ ಹಿಡಿಯುತ್ತಾನೆ. ಕಿತ್ತೆಸೆಯಬೇಕಾದರೆ ಮೊದಲು ಅದು ಮೈಮೇಲಿರಬೇಕು.

ನನಗೆ ಹರಿಹರನ ಕಥೆಯೇ ಹೆಚ್ಚು ಹಿಡಿಸುತ್ತದೆ. ಹಾಗೆಂದು ಆ ಜನಿವಾರವನ್ನು ಉಪನಯನದ ದಾಖಲೆ ಎನ್ನಲಾರೆ. ಅದು ಕಥೆಯೊಳಗೆ ಬಂದದ್ದೇ ಹರಿಯುವುದಕ್ಕೆ. ತಂದೆತಾಯಿಯ ಸಾವಿನ ಮಾತನ್ನೂ ಇದೇ ಎಚ್ಚರದಿಂದ ಓದಬೇಕು.