ಸಕುರಾದಿಂದ ಸಾನ್ಪೊವರೆಗೆ: ‘ಸ’ ಸಾಲಿನ ಜಪಾನಿ ಹಾಡುಗಳು

ಜಪಾನಿನ ಕರಾವೊಕೆ ಕೋಣೆಯ ಮೇಜಿನ ಮೇಲೆ ಮೊದಲೆಲ್ಲ ಟೆಲಿಫೋನ್ ಡೈರೆಕ್ಟರಿಯಂಥ ದಪ್ಪ ಪುಸ್ತಕವೊಂದು ಬಿದ್ದಿರುತ್ತಿತ್ತು. ಹಾಡಿನ ಹೆಸರು, ಗಾಯಕರ ಹೆಸರು, ಹಾಡು ಶುರುವಾಗುವ ಒಂದೆರಡು ಪದ, ಯಂತ್ರದಲ್ಲಿ ಒತ್ತಬೇಕಾದ ಸಂಖ್ಯೆ, ಹಾಡಿಗೊಂದು ಸಾಲು. ನಮ್ಮ ದಾಸರ ಪದಗಳ ಪುಸ್ತಕದ ಕೊನೆಗೆ ಅಕಾರಾದಿ ಸೂಚಿ ಇರುತ್ತದಲ್ಲ, ಅದನ್ನೇ ಹಿಗ್ಗಿಸಿ ಸಂಪುಟ ಮಾಡಿದ ಹಾಗೆ. ಕೋಬೆ ನಗರದ ಇನೋವೆ ದೈಸುಕೆ 1971ರಲ್ಲಿ ತನ್ನ ಮೊದಲ ಕರಾವೊಕೆ ಯಂತ್ರಗಳನ್ನು ಜೋಡಿಸಿ ಬಾರುಗಳಿಗೆ ಬಾಡಿಗೆಗೆ ಕೊಟ್ಟ ಮೇಲೆ ಹಾಡುಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಆ ಪುಸ್ತಕದ ‘ಸ’ ಅಕ್ಷರದ ಪುಟಗಳನ್ನಷ್ಟೇ ತಿರುವಿದರೂ ಒಂದು ದೇಶದ ಹಾಡಿನ ಚರಿತ್ರೆ ಸಿಗುತ್ತದೆ.

ಮೊದಲು ಅಕ್ಷರಗಳ ಕ್ರಮ ನೋಡಿ: ಅ, ಕ, ಸ, ತ, ನ, ಹ, ಮ, ಯ, ರ, ವ. ಕನ್ನಡದ ಮಗು ಬಾಯಿಪಾಠ ಮಾಡುವ ಕ್ರಮಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ. ಮಂತ್ರಗಳನ್ನು ತಪ್ಪಿಲ್ಲದೆ ಉಚ್ಚರಿಸಲೆಂದು ಸಿದ್ಧಂ ಲಿಪಿಯನ್ನೂ ಸಂಸ್ಕೃತದ ವರ್ಣಮಾಲೆಯನ್ನೂ ಕಲಿತ ಜಪಾನಿನ ಬೌದ್ಧ ಭಿಕ್ಷುಗಳು ತಮ್ಮ ಅಕ್ಷರಗಳನ್ನೂ ಅದೇ ಧಾಟಿಯಲ್ಲಿ ಜೋಡಿಸಿಕೊಂಡರು. ನಮ್ಮಲ್ಲಿ ‘ಚ’ ಇರುವ ಕಡೆ ಅವರಿಗೆ ‘ಸ’, ‘ಪ’ ಇರುವ ಕಡೆ ‘ಹ’. ಹಳೆಯ ಜಪಾನಿಯಲ್ಲಿ ಈ ‘ಹ’ ಕಾರ ‘ಪ’ ಆಗಿತ್ತು, ‘ಸ’ ಕಾರ ‘ಚ’ಗೆ ಹತ್ತಿರವಿತ್ತು ಎಂದು ಭಾಷಾಶಾಸ್ತ್ರಜ್ಞರು ಊಹಿಸುವುದಕ್ಕೆ ಈ ಜೋಡಣೆಯೂ ಒಂದು ಆಧಾರ.

ಹಾಡಿಗೂ ಕವಿತೆಗೂ ಜಪಾನಿಯಲ್ಲಿ ‘ಉತಾ’ ಎಂಬ ಒಂದೇ ಮಾತು. ಹಳೆಯ ಉತಾಗಳಿಗೆ ಶೀರ್ಷಿಕೆ ಇರುತ್ತಿರಲಿಲ್ಲ; ಮೊದಲ ಪದವೇ ಗುರುತು. ಫುಜಿವಾರಾ ನೊ ತೇಯ್ಕಾ 13ನೇ ಶತಮಾನದಲ್ಲಿ ನೂರು ಕವಿಗಳಿಂದ ಒಂದೊಂದು ಕವಿತೆ ಆರಿಸಿ ಮಾಡಿದ ‘ಹ್ಯಾಕುನಿನ್ ಇಷ್ಶು’ ಸಂಕಲನ ಮುಂದೆ ಇಸ್ಪೀಟಿನಂಥ ಕಾರ್ಡುಗಳಾಗಿ, ಕರುತಾ ಎಂಬ ಆಟವಾಯಿತು. ಓದುವವರು ಕವಿತೆಯನ್ನು ಶುರು ಮಾಡಿದೊಡನೆ ಅದರ ಉತ್ತರಾರ್ಧ ಬರೆದ ಕಾರ್ಡನ್ನು ಆಟಗಾರ ಚಾಪೆಯ ಮೇಲಿಂದ ಹೊಡೆದು ಹಾರಿಸಬೇಕು. ‘ಅ’ದಿಂದ ಆರಂಭವಾಗುವ ಕವಿತೆಗಳು 16 ಇರುವುದರಿಂದ ಅಲ್ಲಿ ಇನ್ನೂ ಕೆಲವು ಅಕ್ಷರಗಳಿಗೆ ಕಾಯಬೇಕು. ಒಂದೇ ಅಕ್ಷರದಲ್ಲಿ ಬಯಲಾಗುವ ಕವಿತೆಗಳು ಏಳೇ ಏಳು, ‘ಸ’ ಅವುಗಳಲ್ಲೊಂದು. ಅದು ರ್‍ಯೋಜೆನ್ ಎಂಬ ಭಿಕ್ಷು ಬರೆದ, ಶರತ್ಕಾಲದ ಸಂಜೆಯ ಒಂಟಿತನದ ಕವಿತೆ. ಓತ್ಸುವಿನ ಓಮಿ ದೇಗುಲದಲ್ಲಿ ಪ್ರತಿ ಜನವರಿ ನಡೆಯುವ ಪಂದ್ಯದಲ್ಲಿ ‘ಸ’ ಪೂರ್ತಿ ಕೇಳಿಸುವ ಮೊದಲೇ, ಆ ಉಸಿರಿನ ಸದ್ದಿಗೇ ಕೈ ಹಾರಿರುತ್ತದೆ.

ಮುದ್ರಿತ ಹಾಡುಗಳ ಕಾಲಕ್ಕೆ ಬಂದರೆ ಈ ಸಾಲಿನ ಹಿರಿಯಜ್ಜಿ ‘ಸಕುರಾ ಸಕುರಾ’, ಅಂದರೆ ಚೆರ್ರಿ ಹೂವಿನ ಹಾಡು. ಎದೊ ಕಾಲದಿಂದ ಬಂದದ್ದೆನ್ನುವ ಈ ಧಾಟಿಯನ್ನು ಟೋಕಿಯೊ ಸಂಗೀತ ಶಾಲೆ 1888ರಲ್ಲಿ, ಕೊತೊ ವಾದ್ಯ ಕಲಿಯುವವರ ಪಾಠವಾಗಿ ಅಚ್ಚು ಹಾಕಿಸಿತು. ಇದರಲ್ಲಿರುವುದು ಐದೇ ಸ್ವರ. ಷಡ್ಜ, ಕೋಮಲ ರಿಷಭ, ಶುದ್ಧ ಮಧ್ಯಮ, ಪಂಚಮ, ಕೋಮಲ ಧೈವತ ಎಂದು ಗುನುಗಿಕೊಂಡರೆ ಧಾರವಾಡದ ಕೇಳುಗರು ‘ಗುಣಕಲಿ’ ಎಂದಾರು, ಮೈಸೂರಿನವರು ‘ಕರ್ನಾಟಕ ಶುದ್ಧ ಸಾವೇರಿ’ ಎಂದಾರು. ಸ್ವರಗಳು ಅವೇ, ನಡೆ ಬೇರೆ. ಪುಚ್ಚಿನಿ 1904ರ ‘ಮದಾಮಾ ಬಟರ್‌ಫ್ಲೈ’ ಆಪೆರಾದಲ್ಲಿ ಈ ಧಾಟಿಯನ್ನು ಬಳಸಿಕೊಂಡ ಮೇಲೆ ಹೊರಜಗತ್ತಿಗೆ ಜಪಾನ್ ಎಂದರೆ ಈ ಐದು ಸ್ವರ ಎಂಬಂತಾಯಿತು.

ಜನಪದದ ಕಡೆಯಿಂದ ಬಂದದ್ದು ‘ಸಾದೊ ಒಕೆಸಾ’, ಚಿನ್ನದ ಗಣಿಗಳಿಗೆ ಹೆಸರಾದ ಸಾದೊ ದ್ವೀಪದ ಕುಣಿತದ ಹಾಡು. ದೋಣಿಕಾರರ ಬಾಯಲ್ಲಿ, ಗಣಿಯ ಕೂಲಿಗಳ ಬಾಯಲ್ಲಿ ಬೆಳೆದದ್ದು 20ನೇ ಶತಮಾನದಲ್ಲಿ ಗ್ರಾಮಫೋನು, ರೇಡಿಯೋ ಹತ್ತಿ ದೇಶವೆಲ್ಲ ಸುತ್ತಿತು. ಆಮೇಲೆ ಎರಡನೇ ಮಹಾಯುದ್ಧ ಬಂತು. ಉದುರುವ ಸಕುರಾ ಹೂವು ಸೈನಿಕನ ಸಾವಿಗೆ ಉಪಮೆಯಾಯಿತು. ಹೂವಿಗೆ ಅಂಟಿದ ಆ ಕಲೆ ತೊಳೆದುಹೋಗಲು ಬಹಳ ಕಾಲ ಹಿಡಿಯಿತು.

ಯುದ್ಧಾನಂತರದ ‘ಸ’ ಪುಟಗಳನ್ನು ಆಳಿದ್ದು ಇನ್ನೊಂದು ಪದ, ‘ಸಯೊನಾರಾ’. ಭಾರತದವರಿಗೆ ಈ ಮಾತನ್ನು ಕಲಿಸಿದ್ದು 1966ರ ‘ಲವ್ ಇನ್ ಟೋಕಿಯೊ’ ಹಿಂದಿ ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಹಾಡು. ವಿದಾಯದ ಮಾತೆಂದು ಎಲ್ಲರೂ ಬಲ್ಲರು. ಅದರ ಮೂಲ ಮಾತ್ರ ‘ಸಯೋ ನರಬಾ’, ಅಂದರೆ ‘ಹಾಗಾದರೆ’. ನಾವು ಯಾರದೋ ಮನೆಯ ಜಗಲಿಯಿಂದ ಏಳುತ್ತಾ ‘ಹಾಗಾದ್ರೆ...’ ಎನ್ನುತ್ತೇವಲ್ಲ, ಥೇಟ್ ಅದೇ. ನಾವು ‘ಬರ್ತೀನಿ’ ಎಂದು ಸೇರಿಸಿ ವಾಕ್ಯ ಮುಗಿಸುತ್ತೇವೆ. ಜಪಾನಿಯಲ್ಲಿ ಅದು ಅರ್ಧಕ್ಕೇ ನಿಂತಿದೆ. ಉಳಿದರ್ಧವನ್ನು ಹಾಡು ತುಂಬಬೇಕು. ಇದಕ್ಕಿಂತ ಹಳೆಯ ‘ಸರಾಬಾ’ ಎಂಬ ವಿದಾಯದ ಮಾತೂ ಇದೇ ಬೇರಿನದು.

1979ರ ಕೊನೆಗೆ ಆಫ್ ಕೋರ್ಸ್ ತಂಡದ ‘ಸಯೊನಾರಾ’ ಬಂತು. ಮರುವರ್ಷ ಗಾಯಕಿ ಯಾಮಾಗುಚಿ ಮೊಮೊಎ ‘ಸಯೊನಾರಾ ನೊ ಮುಕೋಗಾವಾ’ (ವಿದಾಯದ ಆಚೆ ದಡ) ಹಾಡಿದಳು. ಅವಳಿಗೆ ಆಗ 21 ವರ್ಷ. ಮದುವೆಯಾಗಿ ರಂಗ ಬಿಡುವುದಾಗಿ ಹೇಳಿಯಾಗಿತ್ತು. 1980ರ ಅಕ್ಟೋಬರ್ 5ರಂದು ಟೋಕಿಯೊದ ಬುದೋಕಾನ್ ಸಭಾಂಗಣದಲ್ಲಿ ಕೊನೆಯದಾಗಿ ಇದನ್ನು ಹಾಡಿ, ಬಿಳಿಯ ಮೈಕನ್ನು ವೇದಿಕೆಯ ನೆಲದ ಮೇಲಿಟ್ಟು ಬೆನ್ನು ತಿರುಗಿಸಿ ನಡೆದಳು. ಮತ್ತೆ ಆಕೆ ವೃತ್ತಿಗೆ ಮರಳಲಿಲ್ಲ. ಅರ್ಧಕ್ಕೆ ನಿಂತ ಆ ಮಾತನ್ನು ಆ ಸಂಜೆ ಮುಗಿಸಿದ್ದು ನೆಲದ ಮೇಲೆ ಮಲಗಿದ ಆ ಮೈಕು.

ಎಂಬತ್ತರ ದಶಕದಲ್ಲಿ ಎಂಕಾ ಎಂಬ ಕೊರಗಿನ ಹಾಡುಗಳ ಶೈಲಿಯವರು ಪುಟ ತುಂಬಿದರು. ಓಕಾವಾ ಎಯ್ಸಾಕುವಿನ ‘ಸಜಾಂಕಾ ನೊ ಯಾದೊ’ (1982), ಇತ್ಸುಕಿ ಹಿರೋಷಿಯ ‘ಸಸಾಮೆಯುಕಿ’ (1983), ಯೋಷಿ ಇಕುಜೊನ ‘ಸಕೆ ಯೊ’ (1988): ಚಳಿಗಾಲದ ಹೂವು, ಸಣ್ಣ ಹಿಮ, ಅಕ್ಕಿಯ ಮದ್ಯ. ಸರಕು ಬೇರೆ ಬೇರೆಯಾದರೂ ಕೊರಗು ಒಂದೇ.

ಸಕುರಾ ಮತ್ತೆ ಹಾಡಿನ ಮಾರುಕಟ್ಟೆಯನ್ನು ಗೆದ್ದದ್ದು 2000ದಿಂದ ಈಚೆಗೆ. ಫುಕುಯಾಮಾ ಮಸಾಹಾರು ಟೋಕಿಯೊದ ಒಂದು ಏರುರಸ್ತೆಯ ಹೆಸರಿನಲ್ಲಿ ಹಾಡಿದ ‘ಸಕುರಾಜಾಕಾ’ (2000) 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆಮೇಲೆ ಉತಾದಾ ಹಿಕಾರುವಿನ ‘ಸಕುರಾ ಡ್ರಾಪ್ಸ್’ (2002), ಮೊರಿಯಾಮಾ ನಾವೊತಾರೊ ಬರೀ ಪಿಯಾನೊ ಜೊತೆ ಹಾಡಿದ ‘ಸಕುರಾ’ (2003), 2005ರಲ್ಲಿ ಕೆತ್ಸುಮೇಯ್ಷಿ ಮತ್ತು ಕೊಬುಕುರೊ ತಂಡಗಳ ಎರಡು ‘ಸಕುರಾ’ಗಳು, 2006ರಲ್ಲಿ ಇಕಿಮೊನೊಗಾಕಾರಿ ತಂಡದ ಇನ್ನೊಂದು. ಇದರ ಹಿಂದೆ ಒಂದು ಕ್ಯಾಲೆಂಡರ್ ಲೆಕ್ಕ ಇದೆ. ಜಪಾನಿನಲ್ಲಿ ಶಾಲೆಗಳ ಬೀಳ್ಕೊಡುಗೆ ಮಾರ್ಚಿನಲ್ಲಿ, ಹೊಸ ಶಾಲೆ, ಹೊಸ ನೌಕರಿ ಏಪ್ರಿಲ್‌ನಲ್ಲಿ. ಇವೆರಡರ ನಡುವೆ ಸಕುರಾ ಅರಳಿ ಉದುರುತ್ತದೆ. ಹೀಗಾಗಿ ಹೂವಿನ ಹಾಡೆಲ್ಲ ಸ್ನೇಹಿತರನ್ನು ಅಗಲುವ ಹಾಡಾಯಿತು, ಪ್ರತಿ ವಸಂತಕ್ಕೂ ಹೊಸ ಗಿರಾಕಿಗಳು ಸಿಕ್ಕರು.

ಕೆತ್ಸುಮೇಯ್ಷಿ ತಮ್ಮ ಹೂವನ್ನು ದುಂಡನೆಯ ಹಿರಗಾನಾ ಲಿಪಿಯಲ್ಲಿ ಬರೆದರು, ಕೊಬುಕುರೊ ಚೀನೀ ಮೂಲದ ಕಾಂಜಿಯಲ್ಲಿ, ಇಕಿಮೊನೊಗಾಕಾರಿ ರೋಮನ್ ದೊಡ್ಡಕ್ಷರಗಳಲ್ಲಿ. ಕಣ್ಣಿಗೆ ಮೂರು ಬೇರೆ ಹೆಸರುಗಳು. ಕರಾವೊಕೆ ಪುಸ್ತಕ ಮಾತ್ರ ಕಿವಿಯನ್ನೇ ನಂಬುತ್ತಿತ್ತು. ಮೂರನ್ನೂ ತಂದು ಒಂದರ ಕೆಳಗೊಂದು ಕೂರಿಸುತ್ತಿತ್ತು.

ಈಗ ಆ ಪುಸ್ತಕದ ಜಾಗಕ್ಕೆ ಟಚ್ ಪರದೆ ಬಂದಿದೆ. ಬೇಕಾದ ಹೆಸರು ಒತ್ತಿದರೆ ಅದೊಂದೇ ಹಾಡು ಎದುರು ನಿಲ್ಲುತ್ತದೆ. ಸಕುರಾ ಹುಡುಕುತ್ತಿದ್ದವರ ಬೆರಳು ಸಕೆಯ ಮೇಲೆ ಜಾರುವ ಪ್ರಸಂಗ ಕಡಿಮೆಯಾಗಿದೆ. ಆದರೂ ಅಕಾರಾದಿಯಲ್ಲಿ ನೆರೆಹೊರೆ ಬದಲಾಗುವುದಿಲ್ಲ. ಸಕುರಾ, ಸಕೆ ದಾಟಿದರೆ 1969ರಿಂದ ಭಾನುವಾರ ಸಂಜೆಗಳಲ್ಲಿ ಟಿ.ವಿ.ಯಲ್ಲಿ ಮೊಳಗುತ್ತಿರುವ ‘ಸಜಾಎ-ಸಾನ್’ ಕಾರ್ಟೂನಿನ ಹಾಡು, ಅದರಾಚೆ ಸಾದೊ, ಅದರಾಚೆ ಸಾಲುಗಟ್ಟಿದ ಸಯೊನಾರಾಗಳು. ‘ನ್’ ಜಪಾನಿಯ ಕಟ್ಟಕಡೆಯ ಅಕ್ಷರವಾದ್ದರಿಂದ ‘ಸಾನ್ಪೊ’ ಬರುವುದು ಈ ವಿದಾಯಗಳೆಲ್ಲ ಮುಗಿದ ಮೇಲೆ. ಸಾನ್ಪೊ ಎಂದರೆ ಅಡ್ಡಾಟ. 1988ರ ‘ತೊತೊರೊ’ ಚಿತ್ರಕ್ಕೆ ಮಕ್ಕಳ ಲೇಖಕಿ ನಾಕಾಗಾವಾ ರಿಯೆಕೊ ಬರೆದು ಹಿಸೈಷಿ ಜೋ ರಾಗ ಹಾಕಿದ ಹಾಡದು. ಶಿಶುವಿಹಾರದ ಮಕ್ಕಳು ಅದನ್ನು ಹಾಡುತ್ತಾ, ಕೈ ಬೀಸುತ್ತಾ ಹೊರಡುತ್ತಾರೆ.