ಗುಬ್ಬಿ ತೋಟದಪ್ಪನವರ ಧರ್ಮಛತ್ರದ ಪೂರ್ವವೃತ್ತಾಂತ

ಬೆಂಗಳೂರು ಪೇಟೆಯು ಮೊದಲಿನಿಂದಲೂ ವರ್ತಕರ ಊರು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ ಎಂಬ ಹೆಸರುಗಳೇ ಆಯಾ ಬೀದಿಯ ವ್ಯವಹಾರವನ್ನು ಸಾರುತ್ತವೆ. ಇದರ ಪಶ್ಚಿಮದ ಮೇರೆಯಲ್ಲಿ ಧರ್ಮಾಂಬುಧಿಯೆಂಬ ಕೆರೆಯಿದ್ದು ಪೇಟೆಗೆ ನೀರೊದಗಿಸುತ್ತಿದ್ದಿತು. ಅದರಾಚೆಗೆ, ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳೆನಿಸಿರುವ ಭಾಗವೆಲ್ಲವೂ ಹೊಲಗದ್ದೆಗಳೂ ಹಳ್ಳಿಗಳೂ ಆಗಿದ್ದುವು.

ಈ ಮೇರೆಯ ಸ್ವರೂಪವನ್ನು ಮಾರ್ಪಡಿಸಿದುದು ರೈಲು. ಕೆಂಗೇರಿಯ ಮಾರ್ಗವಾಗಿ ಮೈಸೂರಿಗೆ 1882ರಲ್ಲಿಯೂ, ತುಮಕೂರು ಗುಬ್ಬಿಗಳ ಮಾರ್ಗವಾಗಿ ಹರಿಹರಕ್ಕೆ 1889ರಲ್ಲಿಯೂ ಹಾದಿ ಪೂರ್ತಿಯಾಯಿತು. ಸರಕು ತರುವವರು, ವ್ಯಾಜ್ಯಕ್ಕೆ ಬರುವವರು, ಯಾತ್ರಿಕರು, ವಿದ್ಯಾರ್ಥಿಗಳು ನಿಲ್ದಾಣದಲ್ಲಿ ಇಳಿಯತೊಡಗಿದರು. ಊರಿನಲ್ಲಿ ನೆಂಟರಿದ್ದವರಿಗೆ ಚಿಂತೆಯಿಲ್ಲ. ಇಲ್ಲದವರಿಗೆ ಇರುಳು ಕಳೆಯುವುದೆಲ್ಲಿ?

ಈ ಕಷ್ಟವನ್ನು ಮನಗಂಡವರು ಗುಬ್ಬಿಯ ಲಿಂಗಾಯತ ಮನೆತನದಲ್ಲಿ 1838ರಲ್ಲಿ ಜನಿಸಿ, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರದಿಂದ ಅಭಿವೃದ್ಧಿಗೆ ಬಂದ ತೋಟದಪ್ಪನವರು. ಇವರಿಗೆ ಸಂತಾನವಿರಲಿಲ್ಲ. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂಬ ಶರಣರ ಮಾರ್ಗವನ್ನು ಹಿಡಿದು, 1897ರಲ್ಲಿ ನಿಲ್ದಾಣದ ಸಮೀಪದಲ್ಲಿಯೇ ಭೂಮಿಯನ್ನು ಕ್ರಯಕ್ಕೆ ಪಡೆದರು. ವರ್ತಕನಿಗೆ ಸ್ಥಳದ ಬೆಲೆ ತಿಳಿಯದೆ? ಅಂಗಡಿಸಾಲಿಗೆ ಅದಕ್ಕಿಂತ ಲಾಭಕರವಾದ ಜಾಗ ದೊರೆಯುವುದು ಕಷ್ಟ. ಅಲ್ಲಿಯೇ ಬಾಡಿಗೆಯಿಲ್ಲದ ತಂಗುಮನೆಯನ್ನು ಸಂಕಲ್ಪಿಸಿದರು.

ಮರುವರ್ಷವೇ ಘೋರವಿಪತ್ತು ಬಂದಿತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ಪ್ಲೇಗು ರೈಲನ್ನೇರಿಯೇ ಬೆಂಗಳೂರಿಗೆ ಕಾಲಿಟ್ಟಿತು. ಸಾವಿರಾರು ಮಂದಿ ಮಡಿದರು. ಜನರು ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳನ್ನು ಸೇರಿದರು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಕ್ಕೆಳೆಯಲು ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಹುಟ್ಟಿದುದು ಈ ಕಾಲದಲ್ಲಿಯೇ. ರೈಲಿಳಿದ ಪರಸ್ಥಳದವನನ್ನು ಕಂಡರೆ ಊರೇ ಬೆದರುತ್ತಿದ್ದ ಆ ವರ್ಷಗಳಲ್ಲಿ ಪರಸ್ಥಳದವನಿಗಾಗಿಯೇ ಮನೆ ಕಟ್ಟುವ ಸಂಕಲ್ಪವು ಕೈಬಿಡಲ್ಪಡಲಿಲ್ಲವೆಂಬುದು ಸಾಮಾನ್ಯ ಸಂಗತಿಯಲ್ಲ.

ಛತ್ರವು 1903ನೆಯ ಫೆಬ್ರವರಿ 11ರಂದು ಪ್ರಾರಂಭವಾಯಿತು. ಆರು ತಿಂಗಳ ಹಿಂದಷ್ಟೇ ರಾಜ್ಯಾಧಿಕಾರವನ್ನು ವಹಿಸಿಕೊಂಡಿದ್ದ ನಾಲ್ವಡಿ ಕೃಷ್ಣರಾಜ ಒಡೆಯರವರು ಅದನ್ನು ನೆರವೇರಿಸಿದರು. ಪ್ರಭುಗಳಿಗೆ ಆಗ ಹದಿನೆಂಟು ವಯಸ್ಸು. ತೋಟದಪ್ಪನವರಿಗೆ ಅವರಿಂದ ‘ಧರ್ಮಪ್ರವರ್ತ’ ಎಂಬ ಬಿರುದೂ, ಆಂಗ್ಲ ಸರಕಾರದಿಂದ ‘ರಾವ್ ಬಹದ್ದೂರ್’ ಎಂಬುದೂ ಸಂದುವು.

ಛತ್ರವು ಸರ್ವ ಪ್ರಯಾಣಿಕರಿಗೂ ತೆರೆದುದು. ಜೊತೆಗೆ ಏರ್ಪಟ್ಟ ಉಚಿತ ವಿದ್ಯಾರ್ಥಿನಿಲಯವು ವೀರಶೈವ ಬಾಲಕರಿಗೆ. ಇದನ್ನು ಸಂಕುಚಿತವೆಂದು ಬಗೆಯುವವರುಂಟು. ಆದರೆ ಲಿಂಗಪೂಜೆ ಮುಗಿಯದೆ ಪ್ರಸಾದ ಸ್ವೀಕರಿಸದ ಹಳ್ಳಿಯ ಬಾಲಕನಿಗೆ ಪೂಜೆಗೂ ಊಟಕ್ಕೂ ಒಪ್ಪುವ ಬಿಡಾರ ನಗರದಲ್ಲಿ ದೊರೆಯುವುದು ಅಂದು ದುರ್ಲಭವಾಗಿದ್ದಿತು. ಅದಿಲ್ಲದೆ ಓದು ಅರ್ಧಕ್ಕೇ ನಿಲ್ಲುತ್ತಿದ್ದಿತು. ಮುಂದೆ ಸಿದ್ಧಗಂಗೆಯ ಪೀಠವನ್ನೇರಿದ ಶ್ರೀ ಶಿವಕುಮಾರ ಸ್ವಾಮಿಗಳವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಆಶ್ರಯ ಪಡೆದುದು ಇಲ್ಲಿಯೇ. ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿದ ಆ ಕೈಗಳು ತಾರುಣ್ಯದಲ್ಲಿ ಅನ್ನಕ್ಕೆ ಚಾಚಿದ್ದ ಪಂಕ್ತಿಯಿದು. ಎಸ್. ನಿಜಲಿಂಗಪ್ಪನವರೂ ಇಲ್ಲಿಯ ವಿದ್ಯಾರ್ಥಿಗಳಾಗಿದ್ದರು.

ತೋಟದಪ್ಪನವರು ಕೊನೆಗಾಲದಲ್ಲಿ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಬರೆದು, ಕೆ. ಪಿ. ಪುಟ್ಟಣ್ಣ ಚೆಟ್ಟರನ್ನು ಅದರ ಅಧ್ಯಕ್ಷರನ್ನಾಗಿ ನೇಮಿಸಿ, 1910ರಲ್ಲಿ ಲಿಂಗೈಕ್ಯರಾದರು. ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದಮೇಲೆ ಧರ್ಮಾಂಬುಧಿಯನ್ನು ಕೇಳುವವರಿಲ್ಲದಾಯಿತು. ಕೆರೆ ಬತ್ತಿ ಮೈದಾನವಾಗಿ, ಮೈದಾನವು ಕೆಂಪೇಗೌಡ ಬಸ್ಸು ನಿಲ್ದಾಣವಾಯಿತು. ಅಲ್ಲಿಳಿದವರು ಛತ್ರವನ್ನು ಸೇರಲು ದಾಟಬೇಕಾದ ಬೀದಿಗೆ ಈಗ ಗುಬ್ಬಿ ತೋಟದಪ್ಪ ರಸ್ತೆಯೆಂದು ಹೆಸರು.