ಅನ್ಯರ ರೋಗ ಹೊತ್ತ ಒಡಲು: ಫಲ್ಗುಣಿ ಸೀಮೆಯ ಆದಿವಾಸಿಗಳ ಆರೋಗ್ಯ

ಪೊಳಲಿ ಎಂದೊಡನೆ ರಾಜರಾಜೇಶ್ವರಿಯ ಸನ್ನಿಧಿಯೂ ಮಾಗಣೆಯ ಜನರನ್ನು ಒಂದೆಡೆ ಕೂಡಿಸುವ ಚೆಂಡಿನ ಉತ್ಸವವೂ ನೆನಪಾಗುತ್ತವೆ. ಬಂಟ್ವಾಳ ತಾಲೂಕಿನ ಈ ಕ್ಷೇತ್ರದ ಬಳಿ ಹರಿಯುವ ಫಲ್ಗುಣಿ ನದಿಯು ಪಶ್ಚಿಮ ಘಟ್ಟದಿಂದ ಇಳಿದು, ಬೆಳ್ತಂಗಡಿ ತಾಲೂಕಿನ ವೇಣೂರನ್ನು ಹಾದು ಬರುತ್ತದೆ. ಈ ಸೀಮೆಯ ದೇಗುಲ, ಬಸದಿ ಹಾಗೂ ಅರಸುಮನೆತನಗಳ ಚರಿತ್ರೆಯನ್ನು ವಿದ್ವಾಂಸರು ವಿವರವಾಗಿ ಬರೆದಿದ್ದಾರೆ. ಘಟ್ಟದ ಮಗ್ಗುಲಿನ ಮಲೆಕುಡಿಯರ ಮತ್ತು ಬಯಲಿನ ಊರಂಚುಗಳ ಕೊರಗರ ಆರೋಗ್ಯಕ್ಕೂ ಒಂದು ಚರಿತ್ರೆಯಿದೆ. ಶಾಸನಗಳಲ್ಲಿ ಕಾಣದ ಆ ಚರಿತ್ರೆಯನ್ನು ನಂಬಿಕೆ ಹಾಗೂ ಆಚರಣೆಗಳಲ್ಲಿ ಹುಡುಕಬೇಕಾಗುತ್ತದೆ.

ಕೊರಗರ ಮಟ್ಟಿಗೆ ಆ ಚರಿತ್ರೆಯ ಕೇಂದ್ರದಲ್ಲಿರುವುದು ‘ಅಜಲು’. ನಿರ್ದಿಷ್ಟ ಸೀಮೆಯೊಳಗೆ ವಂಶಪಾರಂಪರ್ಯವಾಗಿ ಸಲ್ಲಿಸಬೇಕಾದ ಸೇವೆ ಎಂಬುದು ಅದರ ಸ್ಥೂಲವಾದ ಅರ್ಥ. ಕಂಬಳದಲ್ಲಿ, ಉತ್ಸವಗಳಲ್ಲಿ ಡೋಲು ಬಾರಿಸುವುದು ಅದರ ಹೊರಗೆ ಕಾಣುವ ರೂಪ. ಅದರ ಒಳರೂಪ ರೋಗಕ್ಕೆ ಸಂಬಂಧಿಸಿದುದು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ, ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳ ಗ್ರಂಥದಲ್ಲಿ ಇಂತಹ ಎರಡು ಆಚರಣೆಗಳು ದಾಖಲಾಗಿವೆ. ಬದುಕುವ ಭರವಸೆಯಿಲ್ಲದ ರೋಗಿಯು ಎಣ್ಣೆಯಲ್ಲಿ ತನ್ನ ಮುಖ ನೋಡಿಕೊಂಡು, ಅದರಲ್ಲಿ ತನ್ನ ಕೂದಲನ್ನೂ ಉಗುರನ್ನೂ ಹಾಕಿ ಕೊರಗರಿಗೆ ಕೊಡುತ್ತಿದ್ದನು. ಹೆತ್ತ ಮಕ್ಕಳು ಉಳಿಯದ ತಾಯಿಯು ತನ್ನ ಕೂಸನ್ನು ಕೊರಗ ಹೆಂಗಸಿನ ಮಡಿಲಿಗೆ ಹಾಕಿ, ಆಕೆಯಿಂದ ಮೊಲೆಯೂಡಿಸಿ, ಕೊರಗ ಹೆಸರಿಡಿಸಿ ಮರಳಿ ಪಡೆಯುತ್ತಿದ್ದಳು. ಕೂದಲು, ಉಗುರುಗಳನ್ನು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಬಡಿಸುವ ಪದ್ಧತಿಯು ಇದೇ ನಂಬಿಕೆಯ ಅತ್ಯಂತ ಕ್ರೂರವಾದ ಮುಖ.

ಈ ಆಚರಣೆಗಳನ್ನು ಕೇವಲ ಮೂಢನಂಬಿಕೆ ಎಂದು ಬದಿಗಿಟ್ಟರೆ ಅವುಗಳ ಸಾಮಾಜಿಕ ತರ್ಕವು ಕೈತಪ್ಪುತ್ತದೆ. ಇಲ್ಲಿ ರೋಗವು ವಾಸಿಯಾಗುವುದಿಲ್ಲ, ಒಂದು ಒಡಲಿನಿಂದ ಇನ್ನೊಂದು ಒಡಲಿಗೆ ದಾಟುತ್ತದೆ. ಅದನ್ನು ಹೊರಬೇಕಾದವರು ಯಾರೆಂಬುದನ್ನು ಜಾತಿಯೇ ನಿರ್ಧರಿಸುತ್ತದೆ. ಉಳ್ಳವರ ಕೂಸನ್ನು ಬದುಕಿಸುವ ಶಕ್ತಿ ಕೊರಗ ತಾಯಿಗಿದೆಯೆಂದು ನಂಬಿದ ಸಮಾಜವು, ಆಕೆಯ ಸ್ವಂತ ಕೂಸಿನ ಆಯುಷ್ಯದ ಬಗ್ಗೆ ಕೇಳಲಿಲ್ಲ. ಇಂದಿಗೂ ಕೊರಗಜ್ಜನಿಗೆ ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ. ದೈವವಾದ ಕೊರಗನಿಗೆ ಸಂದ ಗೌರವವು ಮನುಷ್ಯನಾದ ಕೊರಗನಿಗೆ ಸಲ್ಲಲಿಲ್ಲವೆಂಬುದು ತುಳುನಾಡಿನ ಸಂಸ್ಕೃತಿಯೊಳಗಿನ ದೊಡ್ಡ ವೈರುಧ್ಯ.

ಈ ವ್ಯವಸ್ಥೆಗೆ ಎದುರಾದ ಧ್ವನಿ ಸಮುದಾಯದೊಳಗಿನಿಂದಲೇ ಬಂದಿತು. ಸಂಘಟಿತರಾದ ಕೊರಗರು 1993ರ ಆಗಸ್ಟ್ 18ರಂದು ಮಂಗಳೂರಿನಲ್ಲಿ ನಡೆಸಿದ ಮೆರವಣಿಗೆಯ ನೆನಪಿಗೆ ಪ್ರತಿವರ್ಷ ಭೂಮಿ ಹಬ್ಬವನ್ನು ಆಚರಿಸುತ್ತಾರೆ. ಮರುವರ್ಷದ ಮಹಮ್ಮದ್ ಪೀರ್ ವರದಿಯು ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ನೀಡಬೇಕೆಂದಿತು. 2000ದ ಅಜಲು ಪದ್ಧತಿ ನಿಷೇಧ ಕಾಯಿದೆಯು ಸಂಬಳವಿಲ್ಲದ ದುಡಿತವನ್ನೂ, ಕೂದಲು–ಉಗುರು ಬೆರೆಸಿದ ಅನ್ನ ಉಣಿಸುವುದನ್ನೂ, ಕಂಬಳಕ್ಕೆ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವುದನ್ನೂ ಅಪರಾಧವೆಂದು ಸಾರಿತು. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಭೂಮಿಯ ಬೇಡಿಕೆಯು ಅನ್ನದ ಬೇಡಿಕೆ, ಅಜಲು ನಿಷೇಧವು ಒಡಲಿನ ಬಿಡುಗಡೆ.

ಆದರೂ ಕರ್ನಾಟಕದಲ್ಲಿ 2001ರ ಜನಗಣತಿಯಂತೆ 16,071 ಇದ್ದ ಕೊರಗರ ಸಂಖ್ಯೆ 2011ರಲ್ಲಿ 14,794ಕ್ಕೆ ಇಳಿಯಿತು. ನಾಡಿನ ಒಟ್ಟು ಜನಸಂಖ್ಯೆ ಏರುತ್ತಿದ್ದ ದಶಕದಲ್ಲಿ ಒಂದು ಸಮುದಾಯ ಹೀಗೆ ಕುಗ್ಗಿದ್ದನ್ನು ಲಘುವಾಗಿ ಕಾಣಲಾಗದು. ಅಪೌಷ್ಟಿಕತೆ, ರಕ್ತಹೀನತೆ, ಕ್ಷಯಗಳು ಇವರನ್ನು ಕಾಡುತ್ತ ಬಂದಿವೆ. ಬುಟ್ಟಿ ಹೆಣೆಯುವ ಕಸುಬು ಪ್ಲಾಸ್ಟಿಕ್ಕಿನೆದುರು ಸೊರಗಿತು. ಪಟ್ಟಣಗಳಲ್ಲಿ ಅನೇಕರಿಗೆ ದೊರೆತುದು ಪೌರಕಾರ್ಮಿಕರ ಕೆಲಸ. ಅನ್ಯರ ರೋಗವನ್ನು ಹೊರುತ್ತಿದ್ದವರು ಅನ್ಯರ ಕೊಳೆಯನ್ನು ಹೊರುವಂತಾಯಿತು.

ನದಿಯ ಮೇಲ್ಭಾಗದ ಮಲೆಕುಡಿಯರ ಸಮಸ್ಯೆ ಬೇರೆ ಬಗೆಯದು. ಮಲೆಯ ಬೇರು, ತೊಗಟೆ, ಸೊಪ್ಪುಗಳ ಮದ್ದನ್ನು ಬಲ್ಲ ಇವರಿಗೆ ಅಡ್ಡವಾದುದು ದೂರ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಿತವಾದ ಬಳಿಕ ಕುತ್ಲೂರಿನಂತಹ ಊರುಗಳಲ್ಲಿ ರಸ್ತೆ, ಸೇತುವೆಗಳಿಗೆ ಅರಣ್ಯ ಕಾನೂನು ಎದುರಾಯಿತು. ಮಳೆಗಾಲದಲ್ಲಿ ಬಸುರಿಯರನ್ನೂ ರೋಗಿಗಳನ್ನೂ ಹೊತ್ತು ಇಳಿಸುವುದು ಮಲೆಯ ವಸತಿಗಳಿಗೆ ಹೊಸತಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಗ್ರಾಮಸಭೆಯ ಶಿಫಾರಸಿನ ಮೇರೆಗೆ ಔಷಧಾಲಯ, ಅಂಗನವಾಡಿ, ರಸ್ತೆ ಮುಂತಾದವುಗಳಿಗೆ ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಲು ಅವಕಾಶ ನೀಡಿದೆ. ಈ ಅವಕಾಶವನ್ನು ಬಳಸಿಕೊಳ್ಳುವ ಹೊಣೆ ಆಡಳಿತದ್ದು.

ಹೀಗೆ ಒಂದೇ ನದೀಸೀಮೆಯ ಎರಡು ಸಮುದಾಯಗಳಿಗೆ ಒಂದೇ ಮದ್ದು ಸಾಲದು. ಮಲೆಕುಡಿಯರಿಗೆ ಚಿಕಿತ್ಸೆಯನ್ನು ಹತ್ತಿರ ತರಬೇಕು. ಕೊರಗರ ವಿಷಯದಲ್ಲಿ ಆಸ್ಪತ್ರೆ ಹತ್ತಿರವಿದ್ದರೂ ಅದರ ಹೊಸ್ತಿಲನ್ನು ಅಳುಕಿಲ್ಲದೆ ದಾಟುವಂತಾಗಬೇಕು. ವಿಶೇಷ ದುರ್ಬಲ ಬುಡಕಟ್ಟುಗಳಿಗಾಗಿ 2023ರ ನವೆಂಬರಿನಲ್ಲಿ ಆರಂಭವಾದ ಪಿ.ಎಂ. ಜನಮನ್ ಅಭಿಯಾನದಲ್ಲಿ ಸಂಚಾರಿ ವೈದ್ಯಕೀಯ ಘಟಕಗಳಿಗೂ ಸ್ಥಾನವಿದೆ. ಕರ್ನಾಟಕದಲ್ಲಿ ಕೊರಗರೂ ಜೇನುಕುರುಬರೂ ಆ ಪಟ್ಟಿಯವರು. ವಾಹನ ಊರಿಗೆ ಬಂದರಷ್ಟೇ ಸಾಲದು. ಅದರಿಂದ ಇಳಿಯುವ ದಾದಿಯರಲ್ಲಿ, ಕಾರ್ಯಕರ್ತೆಯರಲ್ಲಿ ಅದೇ ಸಮುದಾಯದ ಹೆಣ್ಣುಮಕ್ಕಳೂ ಇರಬೇಕು. ತಲೆಮಾರುಗಳ ಕಾಲ ಅನ್ಯರ ಕೂಸುಗಳಿಗೆ ಆಯುಷ್ಯ ಹರಸಿದ ಕೈಗಳಿಗೆ ತಮ್ಮ ಕೂಸುಗಳ ಆಯುಷ್ಯವನ್ನು ಕಾಯುವ ಸಾಧನಗಳು ದೊರೆಯಬೇಕಾದುದು ಉಪಕಾರವಲ್ಲ, ಚರಿತ್ರೆಯ ಬಾಕಿ.